ತಾಸಿನವಳು

ಜಾಹೀರಾತು ಬಂದದ್ದು ಶುಕ್ರವಾರ. ಹುದ್ದೆ ಒಂದು.
ಸಹಾಯಕ ಪ್ರಾಧ್ಯಾಪಕ, ಸಸ್ಯಶಾಸ್ತ್ರ, ಕಾಯಂ.
ಆ ಕೊನೆಯ ಮಾತನ್ನು ಬಾಯಲ್ಲಿಟ್ಟುಕೊಂಡು
ಸ್ವಾರಗೇಟಿನಿಂದ ಔಂಧದ ತನಕ ಬಸ್ಸಿನಲ್ಲಿ ನಿಂತೇ ಬಂದೆ,
ಕಲ್ಲುಸಕ್ಕರೆಯಂತೆ, ಕಚ್ಚದೆ.

ಅರ್ಜಿ ಐದು ಪ್ರತಿ.
ಹತ್ತರಕಿ ಜಯಶೀಲಾ ಮಲ್ಲಪ್ಪ, ತಾಲೂಕು ಅಕ್ಕಲಕೋಟ.
ಮಾತೃಭಾಷೆ ಕನ್ನಡ ಅಂತ ಕಂಡಾಗೆಲ್ಲ
ಗುಮಾಸ್ತ ತಲೆಯೆತ್ತುತ್ತಾನೆ, ನಾನು ಮರಾಠಿಯಲ್ಲಿ ನಗುತ್ತೇನೆ.
ಅನುಭವ: ಹನ್ನೊಂದು ವರ್ಷ.
‘ತಾಸಿನದು ಹಿಡಿಯೋದಿಲ್ಲ ಮ್ಯಾಡಮ್’
ಅಂದವನೇ ಚಹಾ ತರಿಸಿಕೊಟ್ಟ.

ನಮ್ಮ ಕಡೆ ಗಂಟೆಗೆ ತಾಸು ಅಂತಾರೆ.
ಅಜ್ಜಿ ಹೇಳುತ್ತಿದ್ದಳು, ಮದುವೆಯ ಮುಹೂರ್ತಕ್ಕೆ
ಹಂಡೆಯ ನೀರಿಗೆ ತೂತಿನ ತಾಮ್ರದ ಬಟ್ಟಲು ಬಿಡುತ್ತಿದ್ದರಂತೆ,
ತುಂಬಿ ಮುಳುಗಿದರೆ ಒಂದು ಗಳಿಗೆ.
ಇಲ್ಲಿ ಬಟ್ಟಲು ನಾನೇ.
ವರ್ಗದೊಳಗೆ ಮುಳುಗಿದಷ್ಟಕ್ಕೆ ಮಾತ್ರ ಕೂಲಿ.
ದೀಪಾವಳಿ, ಬೇಸಿಗೆ, ಪರೀಕ್ಷೆಯ ತಿಂಗಳು
ಹಂಡೆ ಬೋರಲು.
ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದ ಸಂಶಯ,
ಸಂಜೆ ತೊಳೆದು ಒರೆಸಿಟ್ಟ ಗಾಜಿನ ಪಟ್ಟಿಗಳು,
ವಾಘೋಲಿಯ ಹುಡುಗಿ ಪ್ರಯೋಗಾಲಯದಲ್ಲಿ ಅತ್ತ ಇಪ್ಪತ್ತು ನಿಮಿಷ
ಯಾವ ಬಿಲ್ಲಿನಲ್ಲೂ ಕೂರುವುದಿಲ್ಲ.

ನಾನು ಓದಿದ್ದು ಕಲ್ಲುಹೂವು.
ಹೌದು, ಮಸಾಲೆಗೆ ಹುರಿದು ಹಾಕುತ್ತೀರಲ್ಲ, ಅದೇ.
ಹೂವೂ ಅಲ್ಲ, ಕಲ್ಲಿನದೇ ಆಗಬೇಕೆಂದೂ ಇಲ್ಲ.
ಪಾಚಿಗೂ ಶಿಲೀಂಧ್ರಕ್ಕೂ ನಡೆದ ಒಂದು ಸಂಸಾರ.
ವರ್ಷಕ್ಕೊಂದು ಮಿಲಿಮೀಟರ್ ಬೆಳೆದು ಸುಮ್ಮನಿರುವ ಜಾತಿಗಳಿವೆ.
ಹೊಗೆ ಬಂದರೆ ಎಲ್ಲರಿಗಿಂತ ಮೊದಲು ಊರು ಬಿಡುತ್ತವೆ.
ಸಿಂಹಗಡದ ದಾರಿಯಲ್ಲಿ ನನ್ನ ಹದಿನೇಳು ಬಂಡೆಗಳಿವೆ,
ನಂಬರು ಬರೆದದ್ದು ಉಗುರಬಣ್ಣದಿಂದ,
ಯೋಜನೆಯ ಹಣ ಬರಲಿಲ್ಲವಾಗಿ.

ಸಂದರ್ಶನದ ದಿನ ಪಡಸಾಲೆಯಲ್ಲಿ ಇಪ್ಪತ್ತಮೂರು ಜನ.
ಎದುರಿನ ಬೆಂಚಿನಿಂದ ಮೃಣ್ಮಯಿ ಕಾಮಠೆ
ಧಡಕ್ಕನೆ ಎದ್ದು ನಿಂತಳು, ಎರಡನೇ ವರ್ಷದ ಹುಡುಗಿಯಂತೆ.
‘ಮ್ಯಾಡಮ್, ನೀವೂ?’
ಆ ದೀರ್ಘವನ್ನು ಇಬ್ಬರೂ ಕೇಳಿಸಿಕೊಂಡೆವು.
ಆಮೇಲೆ ಪಕ್ಕಕ್ಕೆ ಸರಿದು ಕೂತು, ಸಣ್ಣ ದನಿಯಲ್ಲಿ,
‘ಸೊರೀಡಿಯಾ ಮರೆತೇಹೋಯ್ತು ಮ್ಯಾಡಮ್.’
ಕರೆಪತ್ರದ ಬೆನ್ನಿಗೆ ಚಿತ್ರ ಬರೆದೆ:
ನೋಡು, ಬೀಜವಲ್ಲ, ಬರೀ ಪುಡಿ.
ಆದರೆ ಕಣಕಣದಲ್ಲೂ ಇಬ್ಬರೂ ಇರುತ್ತಾರೆ,
ಗಾಳಿಗೆ ಹೊರಡುವಾಗಲೇ ಜೋಡಿ.
ಅವಳ ಹೆಸರು ಕೂಗಿದರು.
ಗಡಿಯಾರ ನೋಡಿದೆ, ಹದಿನಾಲ್ಕು ನಿಮಿಷ. ಹಳೆಯ ಚಾಳಿ.

ಒಳಗೆ ನನಗೆ ಸಿಕ್ಕದ್ದು ಏಳು.
‘ಇದರಿಂದ ಸಮಾಜಕ್ಕೇನು ಉಪಯೋಗ?’
‘ನಿಮ್ಮ ಮನೆಯ ಆಮಟಿಯ ವಾಸನೆ ಸರ್’ ಅಂದುಬಿಟ್ಟೆ.
ಒಬ್ಬರು ನಕ್ಕರು.
ಉಳಿದವರು ನನ್ನ ಫೈಲು ಮುಚ್ಚಿದ ಸದ್ದು ಮೆತ್ತಗಿತ್ತು,
ಮಲಗಿದ ಮಗುವಿರುವ ಕೋಣೆಯ ಬಾಗಿಲು ಎಳೆದ ಹಾಗೆ.

ಹದಿನೈದು ದಿನಕ್ಕೆ ಫಲಿತಾಂಶ, ಒಂದೇ ಸಾಲು:
ಅರ್ಹರು ಯಾರೂ ದೊರೆಯಲಿಲ್ಲ.
ಇಪ್ಪತ್ತಮೂರು ಜನ ಮೊದಲ ಸಲ ಒಂದೇ ವಾಕ್ಯದಲ್ಲಿ ಹಿಡಿಸಿದೆವು.
ರಾತ್ರಿ ಮೃಣ್ಮಯಿ ಫೋನು ಮಾಡಿದಳು:
ಸೊರೀಡಿಯಾನೇ ಕೇಳಿದರಂತೆ,
ಸರಿಯಾಗಿಯೇ ಹೇಳಿದಳಂತೆ.
ಸ್ವಲ್ಪ ಹೊತ್ತು ಇಬ್ಬರೂ ಫೋನು ಹಿಡಿದುಕೊಂಡಿದ್ದೆವು.

ಸೋಮವಾರ ಫಲಕದ ಮೇಲೆ ಹೊಸ ಕಾಗದ.
ಅದೇ ವಿಭಾಗ, ಅದೇ ವಿಷಯ, ತಾಸಿನ ಮೇರೆಗೆ, ಜಾಗ ಎರಡು.
ಅರ್ಹತೆ ಹಿಂದಿನದೇ.
ಐದು ಪ್ರತಿ ಜೆರಾಕ್ಸ್ ಮಾಡಿಸಿದೆ,
ಆಮೇಲೆ ಇನ್ನೈದು ಖಾಲಿ ಫಾರ್ಮು.
‘ಬಾ’ ಅಂದೆ ಅವಳಿಗೆ, ‘ಮಧ್ಯಾಹ್ನ ಮೂರರೊಳಗೆ, ಫೋಟೋ ತಾ.
ಬರುವಾಗ ನೂರು ಪುಟದ ಒಂದು ವಹಿಯನ್ನೂ ತಾ,
ಬಿಲ್ಲಿಗೆ ಬಾರದ್ದನ್ನು ಬರೆದಿಡೋಕೆ.’

ಯಾಕೆ ಅಂತ ಕೇಳಲಿಲ್ಲ.
ಕೇಳುತ್ತಾಳೆ. ಜೂನ್ ಬರಲಿ.